ಓದುಗರ ಪ್ರಶ್ನೆ: ಕಾಲೇಜು ಫೀ, ಹಾಸ್ಟೆಲ್, ಸ್ಕಾಲರ್‌ಶಿಪ್

ಮಗಳು ಬಿ.ಎಸ್ಸಿ. ಎರಡನೇ ವರ್ಷ. ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ತೋರಿಸುತ್ತದೆ, ಪಾಸ್‌ಬುಕ್‌ನಲ್ಲಿ ಹಣವಿಲ್ಲ. ‘ಆಧಾರ್ ಲಿಂಕ್ ಆಗಿದೆ’ ಅನ್ನುತ್ತಾರೆ ಬ್ಯಾಂಕಿನವರು. — ಓದುಗರು, ಮಸ್ಕಿ

ಬ್ಯಾಂಕಿನವರು ಹೇಳಿದ್ದು ಸುಳ್ಳಿರಲಿಕ್ಕಿಲ್ಲ. ಆದರೆ ಖಾತೆಗೆ ಆಧಾರ್ ಕೊಟ್ಟು ಕೆವೈಸಿ ಮುಗಿಸುವುದು ಒಂದು ಕೆಲಸ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಗೆ ಸೀಡಿಂಗ್ ಮಾಡಿಸುವುದು, ಅಂದರೆ ಈ ಆಧಾರ್‌ನ ಹಣ ಇಂಥ ಬ್ಯಾಂಕಿಗೆ ಎಂದು ದಾಖಲಿಸುವುದು, ಇನ್ನೊಂದು. ಸರ್ಕಾರದ ಹಣ ಹೋಗುವುದು ಆ ಪಟ್ಟಿ ನೋಡಿ. ಅಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಸೀಡ್ ಆದದ್ದೇ ಉಳಿಯುತ್ತದೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೆ ದುಡ್ಡು ಬಿದ್ದಿರಬಹುದು, ಅಥವಾ ಆ ಖಾತೆ ನಿಷ್ಕ್ರಿಯವಾಗಿ ಪಾವತಿ ವಾಪಸಾಗಿರಬಹುದು.

ಯುಐಡಿಎಐನ ‘ಮೈ ಆಧಾರ್’ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಎರಡೂ ಕಾಣುತ್ತವೆ. ಬೇರೆ ಬ್ಯಾಂಕ್ ತೋರಿಸಿದರೆ ಈಗಿನ ಶಾಖೆಯಲ್ಲಿ ಡಿಬಿಟಿಗಾಗಿ (ಸರ್ಕಾರದ ಹಣ ನೇರ ಖಾತೆಗೆ ಬರಲು) ಸೀಡಿಂಗ್ ಒಪ್ಪಿಗೆ ಪತ್ರ ಬರೆದುಕೊಡಿ. ‘ಲಿಂಕ್ ಮಾಡಿ’ ಎಂದಷ್ಟೇ ಹೇಳಿದರೆ ಮತ್ತೆ ಕೆವೈಸಿ ಮಾಡಿ ಕಳಿಸುತ್ತಾರೆ. ಇದನ್ನೆಲ್ಲ ನೋಡಲು ಒಟಿಪಿ ಬೇಕು. ನಮ್ಮ ಕಡೆ ಅಪ್ಪ ಗುಳೆ ಹೋಗಿ ಬೆಂಗಳೂರಿನಲ್ಲಿರುತ್ತಾನೆ, ಆಧಾರ್‌ಗೆ ಕೊಟ್ಟ ನಂಬರು ಅವನ ಜೇಬಿನಲ್ಲಿರುತ್ತದೆ. ಮಗಳ ಆಧಾರ್‌ಗೆ ಅವಳ ಕೈಯಲ್ಲಿರುವ ಮೊಬೈಲ್ ನಂಬರನ್ನೇ ಹಾಕಿಸಿ.

ಹೆಸರಿನ ತೊಡಕು ಇನ್ನೊಂದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇದ್ದರೂ ಅರ್ಜಿ ಸಿಕ್ಕಿಕೊಳ್ಳಬಹುದು. ಅಂಕಪಟ್ಟಿಗೆ ಹೊಂದುವಂತೆ ಆಧಾರ್ ತಿದ್ದಿಸಿ, ಆದರೆ ಅವಸರ ಬೇಡ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ.

ಮಗ ಸಿಇಟಿ ಬರೆಯುತ್ತಾನೆ. ಕೂಲಿಯ ಮನೆ. ಎಂಜಿನಿಯರಿಂಗ್ ಫೀ ಕಡಿಮೆಯಾಗುವ ದಾರಿ ಯಾವುದು? — ಓದುಗರು, ಕುಷ್ಟಗಿ

ಎರಡು ಕಾಗದ ಮೊದಲೇ ಕೈಯಲ್ಲಿರಲಿ.

ಒಂದು, ಕಲ್ಯಾಣ ಕರ್ನಾಟಕದವರೆಂದು ತೋರಿಸುವ 371(ಜೆ) ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳಿಗೆ ಇದೇ ಬಾಗಿಲು. ಇದು ಫೀ ಇಳಿಸುವುದಿಲ್ಲ; ಸರ್ಕಾರಿ ಕೋಟಾದ ಸೀಟು ಹತ್ತಿರದಲ್ಲೇ ಸಿಗುವಂತೆ ಮಾಡುತ್ತದೆ. ದೂರದ ಊರಿನ ರೂಮು ಬಾಡಿಗೆ ಉಳಿದರೆ ಅದೇ ದೊಡ್ಡ ಉಳಿತಾಯ. ಸಹಿ ಉಪವಿಭಾಗಾಧಿಕಾರಿಯದು, ನಿಮಗೆ ಕೊಪ್ಪಳ. ಮಗ ಗುಳೆಯಿಂದಾಗಿ ಬೆಂಗಳೂರಿನ ಶಾಲೆಯಲ್ಲಿ ಓದಿದ್ದರೂ ನಿರಾಶರಾಗಬೇಡಿ, ತಂದೆತಾಯಿಯ ಇಲ್ಲಿನ ಮೂಲದ ದಾಖಲೆ ಹುಡುಕಿಡಿ. ಫಲಿತಾಂಶ ಬಂದ ಮೇಲೆ ಓಡಿದರೆ ಕಚೇರಿಯಲ್ಲಿ ಸಾಲು ಉದ್ದವಿರುತ್ತದೆ.

ಎರಡು, ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಪಡೆದರೆ ಐದು ವರ್ಷ ನಡೆಯುತ್ತದೆ. ಅದರ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ಸರಿಯಾಗಿ ತುಂಬಿ. ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ ಸೀಟಿಗೆ ಅರ್ಹತೆ. ಮಂಜೂರಾದ ಸಂಖ್ಯೆಯ ಮೇಲೆ ಹೆಚ್ಚುವರಿಯಾಗಿ ಕೊಡುವ ಶೇ. 5ರಷ್ಟು ಸೀಟುಗಳು ಇವು. ಮಾಫಿಯಾಗುವುದು ಬೋಧನಾ ಶುಲ್ಕ ಮಾತ್ರ. ವಿಶ್ವವಿದ್ಯಾಲಯದ ಶುಲ್ಕ, ಹಾಸ್ಟೆಲ್, ಪುಸ್ತಕ ನಿಮ್ಮ ಮೇಲೆಯೇ. ಆ ಕೊರತೆಗೆ ಬಡ್ಡಿಗೆ ಸಾಲ ಕೊಡುವವರ ಮನೆ ಹತ್ತಬೇಡಿ: ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನವೂ ಇಲ್ಲ, ನಿಮ್ಮ ಪಾಲಿನ ಹಣವೂ ಬೇಡ.

ಬಿ.ಕಾಂ. ಸೇರಿದ್ದೇನೆ, ಹಾಸ್ಟೆಲ್ ಸಿಕ್ಕಿಲ್ಲ. ದಿನಾ ಬಳ್ಳಾರಿಗೆ ಓಡಾಟ. ಏನಾದರೂ ನೆರವಿದೆಯೇ? — ವಿದ್ಯಾರ್ಥಿನಿ, ಸಿರುಗುಪ್ಪ

ಮೊದಲು ಒಂದು ಅನುಮಾನ: ಹಾಸ್ಟೆಲ್ ಅರ್ಜಿ ಹಾಕಿದ್ದೀರಾ? ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿದವರು ಹಾಸ್ಟೆಲ್‌ಗೂ ಅದೇ ಸಾಕು ಅಂದುಕೊಳ್ಳುತ್ತಾರೆ. ಹಾಸ್ಟೆಲ್‌ಗೆ ಎಸ್‌ಎಚ್‌ಪಿ ಎಂಬ ಬೇರೆ ಪೋರ್ಟಲ್ ಇದೆ. ಅಲ್ಲೂ ಸಿಗದಿದ್ದರೆ, ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ: ತಿಂಗಳ ಲೆಕ್ಕದಲ್ಲಿ 10 ತಿಂಗಳ ನೆರವು. ಹಾಸ್ಟೆಲ್‌ನಲ್ಲಿದ್ದುಕೊಂಡು ಇದನ್ನು ಪಡೆಯುವಂತಿಲ್ಲ.

ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಹಣವಿಲ್ಲ. ತಮ್ಮನಿದ್ದರೆ ಅವನಿಗೆ ವಿದ್ಯಾರ್ಥಿ ಪಾಸ್ ಮಾಡಿಸಿ. ಹತ್ತನೇ ತರಗತಿ, ಪಿಯುಸಿ ಎರಡೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಕೊಡುವ ವರ್ಷಕ್ಕೆ 30,000 ರೂಪಾಯಿಯನ್ನು ಬಿಡಬೇಡಿ. ಪದವಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು.

ಹೊಲವಿದ್ದವರಿಗೆ ರೈತ ವಿದ್ಯಾನಿಧಿ. 2021ರಲ್ಲಿ ನಿಗದಿಯಾದಂತೆ ಬಿ.ಕಾಂ.ನಂಥ ಪದವಿಗೆ ಹುಡುಗಿಯರಿಗೆ 5,500, ಹುಡುಗರಿಗೆ 5,000. ಇದು ತಪ್ಪುವುದು ಹೆಚ್ಚಾಗಿ ಈ ಕಾರಣಕ್ಕೆ: ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು, ಅಪ್ಪ ಅಥವಾ ಅವ್ವನ ಹೆಸರಿನಲ್ಲಿ ಫ್ರೂಟ್ಸ್ ಎಫ್‌ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರುವುದಿಲ್ಲ. ಪೌತಿ ಖಾತೆ (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ.

ಇವುಗಳಲ್ಲಿ ಯಾವುದನ್ನೂ ಪ್ರವೇಶದ ದಿನ ಕಟ್ಟುವ ಹಣ ಅಂತ ಲೆಕ್ಕ ಹಿಡಿಯಬೇಡಿ. ಜಮೆಯಾಗುವ ಹೊತ್ತಿಗೆ ಪರೀಕ್ಷೆಯೇ ಮುಗಿದಿರಬಹುದು.

ಕಾಲೇಜು ಬದಲಿಸಬೇಕು. ಫೀ ವಾಪಸ್ ಕೊಡುವುದಿಲ್ಲ, ಮೂಲ ಅಂಕಪಟ್ಟಿಯೂ ಇಲ್ಲ ಅನ್ನುತ್ತಾರೆ. — ಓದುಗರು, ದೇವದುರ್ಗ

ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ. ಯುಜಿಸಿಯ 2018ರ ಅಧಿಸೂಚನೆ ಪ್ರಕಾರ ಪರಿಶೀಲಿಸಿ ಕೂಡಲೇ ಮರಳಿಸಬೇಕು. ಫೀ ವಿಷಯದಲ್ಲಿ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ, ಆ 15 ದಿನಗಳೊಳಗೆ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. ಬಾಯಿಮಾತು ಸಾಲದು; ಬಿಡುತ್ತಿರುವುದಾಗಿ ಪತ್ರ ಬರೆದು, ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.