ಕಳಪೆಯೂ ಕಲಬೆರಕೆಯೂ ಒಂದೇ ಅಲ್ಲ

ದೂರುಪತ್ರದಲ್ಲಿ ‘ಕಳಪೆ’ ಎಂದರೆ ಸಪ್ಪೆಯಾಗುತ್ತದೆ, ಅದಕ್ಕೆ ಸಮನಾದ ಖಾರವಾದ ಪದ ಯಾವುದು ಎಂದು ಕೇಳಿದ್ದೀರಿ. ಅದೇ ಹುಡುಕಾಟದಿಂದ ನಾನು ಗೆಲ್ಲಬೇಕಿದ್ದ ದೂರೊಂದನ್ನು ಸೋತಿದ್ದೇನೆ. ನಮ್ಮ ವಿದ್ಯಾರ್ಥಿನಿಲಯಕ್ಕೆ ಬರುತ್ತಿದ್ದ ಹಾಲಿನ ಪೊಟ್ಟಣದ ಮೇಲೆ ‘ಟೋನ್ಡ್ ಹಾಲು’, ಅಂದರೆ ಕೊಬ್ಬನ್ನು ನಿಗದಿತ ಮಟ್ಟಕ್ಕೆ ತಗ್ಗಿಸಿದ ಹಾಲು, ಎಂದು ಅಚ್ಚಾಗಿತ್ತು; ಕಾಯಿಸಿದರೆ ಕೆನೆ ಕಟ್ಟುತ್ತಿರಲಿಲ್ಲ. ಎಲ್ಲರ ಪರವಾಗಿ ದೂರು ಬರೆಯಲು ಕುಳಿತ ನಾನು ಮೊದಲು ‘ಕಳಪೆ ಹಾಲು’ ಎಂದು ಬರೆದು, ಅದು ಸಾಲದೆನಿಸಿ, ಹೊಡೆದುಹಾಕಿ ‘ಕಲಬೆರಕೆ ಹಾಲು’ ಎಂದು ತಿದ್ದಿದೆ.

ಆ ತಿದ್ದುಪಡಿಯೇ ಮುಳುವಾಯಿತು. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3.0 ಕೊಬ್ಬು, ಶೇ 8.5 ಕೊಬ್ಬೇತರ ಘನಾಂಶ (ಪ್ರೋಟೀನ್, ಹಾಲಿನ ಸಕ್ಕರೆ, ಲವಣಗಳು) ಇರಬೇಕು. ನೀರು ಬೆರೆಸಿದರೆ ಎರಡೂ ಇಳಿಯುತ್ತವೆ. ಪರೀಕ್ಷೆಯಲ್ಲಿ ಇಳಿದಿದ್ದುದು ಕೊಬ್ಬು ಮಾತ್ರ; ಯೂರಿಯಾ, ಪಿಷ್ಟ, ಮಾರ್ಜಕ ಯಾವುದೂ ಇರಲಿಲ್ಲ. ಅಂದರೆ ಹಾಲಿಗೆ ಏನನ್ನೂ ಬೆರೆಸಿರಲಿಲ್ಲ, ಇರಬೇಕಾದುದು ಇರಲಿಲ್ಲ. ಪೂರೈಕೆದಾರರು ವರದಿಯನ್ನು ಮುಂದಿಟ್ಟು, ‘ಬೆರಕೆ ಎಲ್ಲಿದೆ ತೋರಿಸಿ’ ಎಂದು ಪಟ್ಟು ಹಿಡಿದರು. ಕೊಬ್ಬಿನ ಕೊರತೆಯ ಮಾತು ಅಲ್ಲಿಗೇ ಮುಚ್ಚಿಹೋಗಿ, ಕ್ಷಮಾಪಣೆ ಪತ್ರವನ್ನು ನಾವೇ ಬರೆದುಕೊಡಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕಳಪೆ, ಕಲಬೆರಕೆ, ನಕಲಿ ಇವು ಒಂದೇ ಬೈಗುಳದ ಮೂರು ಮೆಟ್ಟಿಲುಗಳಲ್ಲ. ಕಳಪೆ ಎಂದರೆ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟದ್ದು. ಕಲಬೆರಕೆ ಎಂದರೆ ಸೇರಬಾರದ್ದು ಸೇರಿರುವುದು. ನಕಲಿ ಎಂದರೆ ಇನ್ನೊಂದರ ಹೆಸರು ಹೊತ್ತು ಬಂದದ್ದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯೂ ನಿಗದಿತ ಮಟ್ಟಕ್ಕಿಂತ ಕೆಳಗಿದ್ದರೂ ಅಪಾಯಕಾರಿಯಲ್ಲದ ಆಹಾರವನ್ನು ‘ಸಬ್‌ಸ್ಟ್ಯಾಂಡರ್ಡ್’, ಅಂದರೆ ಕಳಪೆ, ಎಂದು ಪ್ರತ್ಯೇಕವಾಗಿ ಹೆಸರಿಸಿ, ಅದನ್ನು ಮಾರಿದವರಿಗೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಸೆರೆವಾಸದ ಶಿಕ್ಷೆ ಇರುವುದು ಅಸುರಕ್ಷಿತ ಆಹಾರಕ್ಕೆ. ಇಷ್ಟು ದಂಡ ತರಬಲ್ಲ ಪದವನ್ನು ಸಪ್ಪೆ ಎನ್ನುವುದು ಹೇಗೆ?

ಬಳಕೆ ಸುಲಭ. ಕಳಪೆ ಕಾಮಗಾರಿ, ಕಳಪೆ ಬೀಜ, ಕಳಪೆ ಬ್ಯಾಟಿಂಗ್ ಎಂದು ನಾಮಪದಕ್ಕೆ ಮೊದಲು ನೇರವಾಗಿ ನಿಲ್ಲುತ್ತದೆ. ‘ರಸ್ತೆ ಕಳಪೆಯಾಗಿದೆ’ ಎಂದೂ ಹೇಳಬಹುದು. ಮನುಷ್ಯರ ನಡತೆಗೆ ಮಾತ್ರ ಇದು ಹೊಂದದು, ಅಲ್ಲಿ ‘ಕೀಳು’ ಎನ್ನುತ್ತೇವೆ. ದೂರಿನಲ್ಲಿ ಬರೆಯುವಾಗ ಯಾವ ಮಟ್ಟಕ್ಕಿಂತ ಎಷ್ಟು ಕಡಿಮೆ ಎಂಬುದನ್ನು ಅದೇ ವಾಕ್ಯದಲ್ಲಿ ಅಂಕಿಯೊಂದಿಗೆ ನಮೂದಿಸಿ, ವರದಿಯ ಪ್ರತಿಯನ್ನು ಲಗತ್ತಿಸಿ.