ಚಿವಾವಾ ಸಾಕುವುದು ಹೇಗಿರುತ್ತದೆ? ಎರಡೂವರೆ ಕೆಜಿ ನಾಯಿಯ ಲೆಕ್ಕಾಚಾರ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲು ಮನೆಯಲ್ಲಿ ಅತ್ತೆ ಮತ್ತು ಮೂರು ವರ್ಷದ ಮಗಳು. ಚಿಕ್ಕ ನಾಯಿಯಾದರೆ ಕೆಲಸ ಕಡಿಮೆ ಅಂತ ಚಿವಾವಾ ತರಬೇಕೆಂದಿದ್ದೀರಿ. ಸಾಕುವುದು ಹೇಗಿರುತ್ತದೆ ಅಂತ ಕೇಳಿದ್ದೀರಿ.

ನೇರವಾಗಿ ಹೇಳಿಬಿಡುತ್ತೇನೆ. ಮಗಳಿಗೆ ಆರು ವರ್ಷ ತುಂಬುವವರೆಗೆ ಬೇಡ. ಆಮೇಲೂ ಅತ್ತೆಯವರು ಮನಸ್ಸಿನಿಂದ ಒಪ್ಪಿದರೆ ಮಾತ್ರ ತನ್ನಿ, ಏಕೆಂದರೆ ಹಗಲೆಲ್ಲ ಅದು ಅವರ ಮಡಿಲಲ್ಲೇ ಇರುತ್ತದೆ. ಅದು ಆರಿಸಿಕೊಳ್ಳುವ "ನಮ್ಮವರು" ನೀವಾಗಿರುವುದಿಲ್ಲ, ಅವರಾಗಿರುತ್ತಾರೆ.

ಕೆಲಸ ಕಡಿಮೆ ಅನ್ನುವುದು ಅರ್ಧ ಸತ್ಯ. ವಾಕಿಂಗು ಕಡಿಮೆ, ದಿನಕ್ಕೆ ಎರಡು ಸಲ ಹದಿನೈದಿಪ್ಪತ್ತು ನಿಮಿಷ ಸಾಕು. ಊಟದ ಖರ್ಚೂ ಕಡಿಮೆ. ಲೆಕ್ಕ ಇಡುವ ಕೆಲಸ ಮಾತ್ರ ಲ್ಯಾಬ್ರಡಾರ್‌ಗಿಂತ ಹೆಚ್ಚು. ಅಮೆರಿಕನ್ ಕೆನೆಲ್ ಕ್ಲಬ್ಬಿನ ಮಾನದಂಡದ ಪ್ರಕಾರ ಚಿವಾವಾ 6 ಪೌಂಡ್, ಅಂದರೆ 2.7 ಕೆಜಿ ಮೀರಬಾರದು. ಮೂವತ್ತು ಕೆಜಿ ನಾಯಿಗೆ ಗೊತ್ತೇ ಆಗದಂಥ ತಪ್ಪು ಈ ಮೈಗೆ ಆಸ್ಪತ್ರೆಯ ದಾರಿ ತೋರಿಸುತ್ತದೆ.

ಊಟದಿಂದಲೇ ಶುರು ಮಾಡೋಣ. ಸಂತಾನಹರಣ ಮಾಡಿಸಿದ, ಎರಡೂವರೆ ಕೆಜಿ ತೂಕದ ಬೆಳೆದ ಚಿವಾವಾಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ 200 ಕ್ಯಾಲೊರಿ. ಅಂಗಡಿಯ ಡ್ರೈ ಫುಡ್‌ನಲ್ಲಿ ನೂರು ಗ್ರಾಂಗೆ ಸುಮಾರು 350ರಿಂದ 400 ಕ್ಯಾಲೊರಿ ಇರುತ್ತದೆ. ಅಂದರೆ ದಿನದ ಪೂರ್ತಿ ಊಟ 50ರಿಂದ 57 ಗ್ರಾಂ, ಎರಡು ಹೊತ್ತಿಗೆ ಹಂಚಿ. ಬಟ್ಟಲಿನ ಅಂದಾಜು ಇಲ್ಲಿ ನಡೆಯುವುದಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಒಂದು ಇಡ್ಲಿ ಕೊಟ್ಟರೆ ದಿನದ ಪಾಲಿನ ಕಾಲುಭಾಗ ಹೋಯಿತು. ಎರಡು ಗ್ಲೂಕೋಸ್ ಬಿಸ್ಕತ್ತಿಗೂ ಹತ್ತಿರಹತ್ತಿರ ಅಷ್ಟೇ. ನಾವು ಹೊಟ್ಟೆ ತುಂಬ ಉಂಡ ಮೇಲೆ ದಿನಾ ಒಂದು ಮಸಾಲೆ ದೋಸೆ ತಿಂದ ಹಾಗೆ. "ಪಾಪ, ನೋಡ್ತಾ ಇದೆ, ಒಂದು ಚೂರು ಹಾಕು" ಅನ್ನುವ ಮನೆಯಲ್ಲಿ ಚಿವಾವಾ ಒಂದೇ ವರ್ಷದಲ್ಲಿ ಮೂರೂವರೆ ಕೆಜಿ ಆಗುತ್ತದೆ. ಆ ಮೇಲಿನ ಒಂದು ಕೆಜಿಯನ್ನು ಹೊರಬೇಕಾದದ್ದು ಅದರ ಮಂಡಿ ಮತ್ತು ಉಸಿರುನಾಳ.

ಒಗ್ಗರಣೆ ಇಲ್ಲದ ಮೊಸರನ್ನ ಒಂದೆರಡು ಚಮಚ ತೊಂದರೆಯಿಲ್ಲ. ಸಾರನ್ನ, ಸಾಂಬಾರು ಬೇಡ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಡಾರ್ಕ್ ಚಾಕೊಲೇಟ್ ಹತ್ತು ಗ್ರಾಂ ಒಳಗೆ ಹೋದರೇ ಎರಡು ಕೆಜಿ ನಾಯಿಗೆ ವಾಂತಿ, ಚಡಪಡಿಕೆ ಶುರುವಾಗಬಹುದು. ನಮ್ಮ ಮಾತ್ರೆಗಳಂತೂ ಕೈಗೆ ಸಿಗದ ಕಡೆ ಇರಲಿ. ನೆಲಕ್ಕೆ ಬಿದ್ದ ಒಂದು ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಈ ತೂಕಕ್ಕೆ ಪ್ರಾಣಾಪಾಯ.

ಮರಿ ತರುವುದಾದರೆ ಇನ್ನೊಂದು ವಿಷಯ ಬಾಯಿಪಾಠ ಆಗಿರಬೇಕು, ಅದು ರಕ್ತದಲ್ಲಿ ಸಕ್ಕರೆ ಇಳಿಯುವುದು. ಮುನ್ನೂರು, ನಾನೂರು ಗ್ರಾಂ ಮರಿಯ ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನು ಇರುವುದೇ ಇಷ್ಟು. ಒಂದು ಊಟ ತಪ್ಪಿದರೆ, ಚಳಿಯಾದರೆ, ಮನೆಗೆ ಬಂದ ಮೊದಲ ದಿನ ನೆಂಟರೆಲ್ಲ ಎತ್ತಿ ಆಡಿಸಿದರೆ ಅದು ಖಾಲಿ. ಮರಿ ಮಂಕಾಗುತ್ತದೆ, ಕುಡಿದವರ ಹಾಗೆ ತೂರಾಡುತ್ತದೆ, ಒಸಡು ಬಿಳಿಚುತ್ತದೆ, ಮೈ ತಣ್ಣಗಾಗುತ್ತದೆ, ಆಮೇಲೆ ಫಿಟ್ಸ್. ಆ ಹೊತ್ತಿನಲ್ಲಿ ಡಾಕ್ಟರಿಗೆ ಫೋನ್ ಮಾಡುತ್ತಾ ಕೂರಬೇಡಿ. ಗ್ಲೂಕೋಸ್ ಪುಡಿಯನ್ನು ಗಟ್ಟಿಯಾಗಿ ಕಲಸಿ, ಇಲ್ಲವೇ ಜೇನುತುಪ್ಪ, ಅರ್ಧ ಚಮಚದಷ್ಟು ಬೆರಳಿನಿಂದ ಒಸಡಿಗೆ, ಕೆನ್ನೆಯ ಒಳಗೆ ತಿಕ್ಕಿ. ಎಚ್ಚರ ಇಲ್ಲದ ಮರಿಯ ಗಂಟಲಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಹತ್ತು ನಿಮಿಷದೊಳಗೆ ತಲೆ ಎತ್ತಿದರೆ ಸ್ವಲ್ಪ ಊಟ ತಿನ್ನಿಸಿ ಆಸ್ಪತ್ರೆಗೆ ಹೊರಡಿ, ಎತ್ತದಿದ್ದರೆ ಹಾಗೆಯೇ ಹೊರಡಿ. ಹೀಗಾಗದಿರಲು ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಕೊನೆಯದು ಮಲಗುವ ಮುಂಚೆ. ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಮಧ್ಯಾಹ್ನದ ಊಟ ಯಾರು ಹಾಕುತ್ತಾರೆ ಎಂಬುದನ್ನು ಮರಿ ತರುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಈಗ ಮೂಳೆ. ಸೋಫಾದ ಎತ್ತರ ಒಂದೂವರೆ ಅಡಿ, ನಾಯಿಯ ಎತ್ತರ ಅದರ ಅರ್ಧಕ್ಕಿಂತ ಕಡಿಮೆ. ಮುಂಗಾಲಿನ ಮೂಳೆ ಪೆನ್ಸಿಲ್‌ಗಿಂತ ತೆಳು. ಕೈಯಿಂದ ಜಾರಿದರೆ ಅಥವಾ ಸೋಫಾದಿಂದ ನೆಲಕ್ಕೆ ಹಾರಿದರೆ ಮಣಿಕಟ್ಟಿನ ಸ್ವಲ್ಪ ಮೇಲೆ ಮುರಿಯುತ್ತದೆ. ಪುಟ್ಟ ತಳಿಗಳಲ್ಲಿ ಆ ಜಾಗಕ್ಕೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಬರೀ ಪಟ್ಟಿ ಕಟ್ಟಿದರೆ ಎಷ್ಟೋ ಸಲ ಕೂಡುವುದಿಲ್ಲ, ಪ್ಲೇಟು ಹಾಕಿಸಬೇಕಾಗುತ್ತದೆ. ಮೂರು ವರ್ಷದ ಮಗು ಇರುವ ಮನೆಗೆ ಬೇಡ ಅಂದದ್ದು ಇದಕ್ಕೇ. ಮಗು ಪ್ರೀತಿಯಿಂದಲೇ ಎತ್ತಿಕೊಳ್ಳುತ್ತದೆ, ನಾಯಿ ಒದ್ದಾಡುತ್ತದೆ, ಮಗು ಕೈ ಬಿಡುತ್ತದೆ. ಯಾರ ತಪ್ಪೂ ಇಲ್ಲ, ಕಾಲು ಮಾತ್ರ ಮುರಿದಿರುತ್ತದೆ. ಸೋಫಾಕ್ಕೆ, ಮಂಚಕ್ಕೆ ಎರಡು ಮೆಟ್ಟಿಲಿನ ಫೋಮ್ ಸ್ಟೆಪ್ ಇಡಿ. ವಿಟ್ರಿಫೈಡ್ ಟೈಲ್ಸ್ ಇದ್ದರೆ ಓಡಾಡುವ ದಾರಿಗೆ ಜಾರದ ಮ್ಯಾಟ್ ಹಾಸಿ. ಕಂಬಳಿಯೊಳಗೆ ನುಸುಳಿ ಮಲಗುವುದು ಈ ತಳಿಯ ಚಟ, ಆದ್ದರಿಂದ ಮನೆಯವರೆಲ್ಲ ಕೂರುವ ಮುಂಚೆ ಕಂಬಳಿಯ ಮೇಲೆ ಕೈಯಾಡಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಎತ್ತಿಕೊಳ್ಳುವ ಕ್ರಮವನ್ನೂ ಹೇಳುತ್ತೇನೆ, ಬಹಳ ಜನ ತಪ್ಪು ಮಾಡುವುದು ಇಲ್ಲೇ. ಮುಂಗಾಲು ಹಿಡಿದು ಮೇಲೆತ್ತಬಾರದು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಅಂಗೈಯನ್ನು ಎದೆಯ ಕೆಳಗೆ, ಎರಡು ಬೆರಳು ಮುಂಗಾಲುಗಳ ನಡುವೆ ಬರುವಂತೆ ಇಡಿ. ಇನ್ನೊಂದು ಕೈ ಹಿಂಭಾಗದ ಕೆಳಗೆ. ಮೈಗೆ ಒತ್ತಿಕೊಂಡು ಏಳಿ. ಎತ್ತುವ ಮುಂಚೆ ಪ್ರತಿ ಸಲ "ಎತ್ಲಾ?" ಅಂತ ಒಂದೇ ಮಾತು ಹೇಳಿ. ಆಕಾಶದಿಂದ ದಿಢೀರನೆ ಎರಡು ಕೈ ಇಳಿದು ಬರುವುದಕ್ಕೂ ಮುನ್ಸೂಚನೆ ಕೊಟ್ಟು ಎತ್ತುವುದಕ್ಕೂ ನಾಯಿಯ ಮಟ್ಟಿಗೆ ಬಹಳ ಅಂತರ.

ಇಲ್ಲಿಂದ ಸ್ವಭಾವದ ಮಾತಿಗೆ ಬರುತ್ತೇನೆ. "ಚಿವಾವಾ ಸಿಡುಕು, ಕಚ್ಚುತ್ತೆ" ಅನ್ನುವ ಹೆಸರಿದೆ. ಅದರಲ್ಲಿ ಬಹುಪಾಲು ನಾವೇ ಕಲಿಸಿದ್ದು ಅನ್ನುವುದು ನನ್ನ ಅಭಿಪ್ರಾಯ. ಜರ್ಮನ್ ಶೆಫರ್ಡ್ ಗುರ್ ಅಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಚಿವಾವಾ ಗುರ್ ಅಂದರೆ ನಗುತ್ತಾರೆ, ವಿಡಿಯೊ ಮಾಡುತ್ತಾರೆ, ಇನ್ನೂ ಹತ್ತಿರ ಹೋಗುತ್ತಾರೆ. ಅದು ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಸೆಟೆಸುತ್ತದೆ, ಆಮೇಲೆ ಗುರುಗುಟ್ಟುತ್ತದೆ. ಇಷ್ಟಕ್ಕೂ ಬೆಲೆ ಸಿಗದಿದ್ದರೆ ಕಚ್ಚುವುದೊಂದೇ ಉಳಿಯಿತು. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚುತ್ತದೆ. ಹದಿನಾಲ್ಕು ವಾರ ತುಂಬುವ ಮುಂಚೆ ಮಿಕ್ಸಿ ಸದ್ದು, ಕುಕ್ಕರ್ ವಿಷಲ್, ಹೆಲ್ಮೆಟ್ ಹಾಕಿದವರು, ಗಡ್ಡದವರು, ಕೋಲು ಹಿಡಿದ ಅಜ್ಜ ಎಲ್ಲವನ್ನೂ ದೂರದಿಂದ, ತಿಂಡಿ ಕೊಡುತ್ತಾ ಪರಿಚಯಿಸಿ. ಲಸಿಕೆ ಮುಗಿಯದ ಮರಿಯನ್ನು ಬ್ಯಾಗಿನಲ್ಲಿ ಕೂರಿಸಿ ತೋರಿಸಬಹುದು, ಬೀದಿಯ ನೆಲಕ್ಕೆ ಬಿಡಬೇಡಿ. ಲಸಿಕೆ ಮುಗಿದ ಮೇಲೆ ಮಾತ್ರ ನಡೆಸಿಯೇ ಕರೆದೊಯ್ಯಿರಿ. ಸದಾ ಕಂಕುಳಲ್ಲೇ ಇರುವ ನಾಯಿಗೆ ಜಗತ್ತೆಲ್ಲ ಅನುಮಾನ.

ಬೊಗಳುವುದನ್ನು ಪೂರ್ತಿ ನಿಲ್ಲಿಸಲಾಗದು, ಲಿಫ್ಟ್ ಸದ್ದಿಗೂ ಬೊಗಳುವ ತಳಿ ಇದು. ಬೆಲ್ ಆದಾಗ ಓಡಿ ಹೋಗಿ ಒಂದು ಮ್ಯಾಟ್ ಮೇಲೆ ನಿಲ್ಲುವುದನ್ನು ಕಲಿಸಬಹುದು. ಮನೆಯವರೇ ಬೆಲ್ ಒತ್ತುವುದು, ಮ್ಯಾಟ್ ಮೇಲೆ ತಿಂಡಿ ಬೀಳುವುದು. ದಿನಕ್ಕೆ ಹತ್ತು ಸಲದಂತೆ ಎರಡು ಮೂರು ವಾರ ಮಾಡಬೇಕು. ತಿಂಡಿಯ ಗಾತ್ರ ಕಡಲೆಕಾಳಿನ ಕಾಲುಭಾಗ. ಮತ್ತೆ ಅದೇ 200 ಕ್ಯಾಲೊರಿಯ ಲೆಕ್ಕ. ಅಸೋಸಿಯೇಷನ್‌ನವರು ತಕರಾರು ತೆಗೆದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ಬಹುಮತದ ನಿರ್ಣಯ ಮಾಡಿಯೂ ಸಾಕುನಾಯಿ ನಿಷೇಧಿಸುವಂತಿಲ್ಲ. ಹಾಗಂತ ಪಕ್ಕದ ಮನೆಯವರ ನಿದ್ದೆ ನಿಮ್ಮ ಜವಾಬ್ದಾರಿ ಅಲ್ಲ ಅಂತಲ್ಲ.

ಉಚ್ಚೆ ಅಭ್ಯಾಸ ಈ ತಳಿಗೆ ನಿಧಾನ. ಎರಡು ತಿಂಗಳ ಮರಿ ಎರಡು ಗಂಟೆ ತಡೆದುಕೊಂಡರೆ ಹೆಚ್ಚು. ನಿದ್ದೆ, ಊಟ, ಆಟ ಇವುಗಳ ಬೆನ್ನಿಗೇ ಬಾಲ್ಕನಿಯ ಟ್ರೇಗೆ ಎತ್ತಿಕೊಂಡು ಹೋಗಿ. ಬೆಳೆದ ಮೇಲೂ ಆ ಟ್ರೇ ತೆಗೆಯಬೇಡಿ. ಮಳೆ ಹನಿ ಬಿದ್ದರೆ ಇವು ಹೊಸ್ತಿಲು ದಾಟುವುದಿಲ್ಲ, ಜೂನ್‌ನಿಂದ ಅಕ್ಟೋಬರ್‌ವರೆಗೆ ಜಗಳ ಆಡುವ ಬದಲು ಟ್ರೇ ಇರುವುದೇ ವಾಸಿ.

ಹಲ್ಲು. ಚಿವಾವಾಗೂ ಶೆಫರ್ಡ್‌ಗೂ ಇರುವುದು 42 ಹಲ್ಲೇ. ಇಲ್ಲಿ ಅಷ್ಟೂ ಹಲ್ಲು ಹೆಬ್ಬೆರಳುದ್ದದ ದವಡೆಯಲ್ಲಿ ತುರುಕಿಕೊಂಡಿರುತ್ತವೆ, ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು ಪಾಚಿ ಕಟ್ಟುತ್ತದೆ. ನಾಲ್ಕರಿಂದ ಏಳು ತಿಂಗಳೊಳಗೆ ಹಾಲುಹಲ್ಲು ಬೀಳಬೇಕು. ಮೇಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ಜೋಡಿಯಾಗಿ ನಿಂತಿದ್ದರೆ ಸಂತಾನಹರಣದ ಆಪರೇಷನ್ ಹೊತ್ತಿಗೇ, ಒಂದೇ ಅರಿವಳಿಕೆಯಲ್ಲಿ ತೆಗೆಸಿಬಿಡಿ. ಬ್ರಷ್ ದಿನಾ ಮಾಡಬೇಕು: ಮೊದಲ ವಾರ ಬರೀ ಬೆರಳು, ಎರಡನೇ ವಾರ ಬೆರಳಿಗೆ ನಾಯಿಯ ಪೇಸ್ಟ್, ಆಮೇಲೆ ಕೂಸುಗಳ ಮೆತ್ತನೆ ಬ್ರಷ್. ತುಟಿ ಎತ್ತಿ ಹೊರಮೈ ಉಜ್ಜಿದರೆ ಸಾಕು, ಒಂದೊಂದು ಪಕ್ಕಕ್ಕೆ ಅರ್ಧ ನಿಮಿಷ. ನಮ್ಮ ಪೇಸ್ಟ್ ಬೇಡ. ಕೆಲವದರಲ್ಲಿ ಸಿಹಿಗೆ ಹಾಕಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ. ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲಿನ ಮೇಲೆ ಕಂದು ಗಾರೆ ಕಂಡರೆ ಬ್ರಷ್‌ನ ಕಾಲ ಮುಗಿಯಿತು, ಡಾಕ್ಟರ ಹತ್ತಿರ ಅದನ್ನು ಕೆರೆದು ತೆಗೆಸಬೇಕು (ಸ್ಕೇಲಿಂಗ್).

ಗಾಬರಿ ಹುಟ್ಟಿಸುವ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯಿರಿ. ನಾಯಿ ನಿಂತಲ್ಲೇ ಕತ್ತು ಚಾಚಿ ಮೂಗಿನಿಂದ ಗೊರಗೊರ ಅಂತ ಉಸಿರು ಒಳಗೆಳೆದುಕೊಂಡು ಅರ್ಧ ನಿಮಿಷದಲ್ಲಿ ಸರಿಹೋದರೆ ಅದು ರಿವರ್ಸ್ ಸ್ನೀಜಿಂಗ್, ಗಂಟಲು ನೇವರಿಸಿ, ಅಷ್ಟೇ. ಉತ್ಸಾಹ ಬಂದಾಗ, ಬೆಲ್ಟ್ ಎಳೆದಾಗ ಬಾತುಕೋಳಿ ಕೂಗಿದಂತೆ ಕೆಮ್ಮಿದರೆ ಉಸಿರುನಾಳ ಕುಗ್ಗುತ್ತಿರಬಹುದು. ಎಕ್ಸ್‌ರೇ ಮಾಡಿಸಿ, ಕುತ್ತಿಗೆ ಬೆಲ್ಟ್ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ತನ್ನಿ (ಅದನ್ನು ಮೊದಲ ದಿನದಿಂದಲೇ ಹಾಕಬೇಕು), ಊದುಬತ್ತಿ, ಸೊಳ್ಳೆಬತ್ತಿ ಹೊಗೆ ದೂರವಿಡಿ. ಓಡುತ್ತಾ ಓಡುತ್ತಾ ಹಿಂಗಾಲೊಂದನ್ನು ಮೂರ್ನಾಲ್ಕು ಹೆಜ್ಜೆ ಎತ್ತಿ, ಒಮ್ಮೆ ಒದರಿ, ಏನೂ ಆಗಿಲ್ಲವೆಂಬಂತೆ ಮತ್ತೆ ಊರಿದರೆ ಮಂಡಿಚಿಪ್ಪು ಜಾಗ ಬಿಟ್ಟು ಸರಿದಿದೆ. ಅದಕ್ಕೆ ನಾಲ್ಕು ಹಂತ. ಮೊದಲೆರಡನ್ನು ಹೆಚ್ಚಾಗಿ ತೂಕ ಇಳಿಸಿ, ಜಾರದ ನೆಲ ಮಾಡಿ ನಿಭಾಯಿಸುತ್ತಾರೆ, ಕೊನೆಯೆರಡಕ್ಕೆ ಸಾಮಾನ್ಯವಾಗಿ ಆಪರೇಷನ್. ನಡುಗುವುದು ಮಾತ್ರ ಯಾವಾಗಲೂ ರೋಗವಲ್ಲ. ಚಳಿಗೂ ನಡುಗುತ್ತವೆ, ಖುಷಿಗೂ ನಡುಗುತ್ತವೆ. ಮೂಲ ಊರು ಮೆಕ್ಸಿಕೋ, ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಆಸ್ಪತ್ರೆಯಲ್ಲಿ ಎರಡು ಮಾತು. ಪುಟ್ಟ ನಾಯಿಗೆ ಒಂದೇ ದಿನ ಹಲವು ಲಸಿಕೆ ಹಾಕಿದರೆ ಅಲರ್ಜಿಯಾಗುವ ಸಾಧ್ಯತೆ ಹೆಚ್ಚು. ರೇಬೀಸ್ ಲಸಿಕೆಗೆ ಬೇರೆ ದಿನ ಕೇಳಿ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಮುಖ ಊದಿದರೆ ತಕ್ಷಣ ತೋರಿಸಬಹುದು. ಉಣ್ಣೆಗೆ, ಅಂದರೆ ಟಿಕ್‌ಗೆ, ಕೊಡುವ ಮಾತ್ರೆ ತೂಕದ ಪ್ರಕಾರ ಬರುತ್ತದೆ. ದೊಡ್ಡ ನಾಯಿಯ ಮಾತ್ರೆಯನ್ನು ತುಂಡು ಮಾಡಿ ಕೊಡುವ ಉಳಿತಾಯ ಬೇಡ.

ಬೀದಿನಾಯಿ ಎದುರಾದರೆ ದೂರದಲ್ಲಿರುವಾಗಲೇ ದಾರಿ ಬದಲಿಸಿ. ಅದು ಹತ್ತಿರ ಬಂದ ಮೇಲೆ ನಿಮ್ಮ ನಾಯಿಯನ್ನು ಸರಕ್ಕನೆ ಮೇಲೆತ್ತಿದರೆ ಬೀದಿನಾಯಿ ಹಾರಿ ಬರುತ್ತದೆ.

ಇಷ್ಟಾದ ಮೇಲೂ ಬೇಕು ಅನ್ನಿಸಿದರೆ, "ಟೀ ಕಪ್ ಚಿವಾವಾ" ಅಂತ ಹೆಚ್ಚು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಹಾಗೊಂದು ತಳಿಯೇ ಇಲ್ಲ. ಅದು ಗುಂಪಿನಲ್ಲೇ ಸೊರಗಿದ ಮರಿ, ಇಲ್ಲವೇ ವಯಸ್ಸು ಸುಳ್ಳು ಹೇಳಿದ ಎಳೆಮರಿ. ನಮ್ಮ ಕಾನೂನಿನಲ್ಲಿ ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರುವಂತಿಲ್ಲ. ಚಿವಾವಾ ಮಟ್ಟಿಗೆ ಹತ್ತು ಹನ್ನೆರಡು ವಾರ ಕಾದರೆ ಇನ್ನೂ ಒಳ್ಳೆಯದು. ತಾಯಿಯನ್ನು ನೋಡಿ, ಅದು ಕೈಗೆ ಬರುತ್ತದೋ ಮೂಲೆಗೆ ಓಡುತ್ತದೋ ಗಮನಿಸಿ. ಮರಿಯ ನೆತ್ತಿ ಮುಟ್ಟಿ: ಕೂಸುಗಳ ಹಾಗೆ ಸಣ್ಣ ಮೆದು ಜಾಗ ಇರುವುದು ಈ ತಳಿಯಲ್ಲಿ ಮಾಮೂಲು, ಬೆರಳಗಲಕ್ಕಿಂತ ದೊಡ್ಡದಿದ್ದು ಕಣ್ಣು ಎರಡು ದಿಕ್ಕಿಗೆ ನೋಡುತ್ತಿದ್ದರೆ ತಲೆಯಲ್ಲಿ ನೀರು ತುಂಬಿರುವ ಸಂಶಯ, ಬಿಟ್ಟುಬಿಡಿ. ನೆಲಕ್ಕೆ ಬಿಟ್ಟು ನಡೆಸಿ ನೋಡಿ. ಕೊನೆಗೆ ನಿಮ್ಮ ಕಣ್ಣೆದುರೇ ಊಟ ಹಾಕಲು ಹೇಳಿ. ತಿನ್ನದ ಮರಿಯನ್ನು "ಹೊಸ ಜನ ನೋಡಿ ನಾಚಿಕೆ" ಅಂದರೂ ಆ ದಿನ ಮನೆಗೆ ತರಬೇಡಿ.