ಒಬ್ಬ ಬಿಡುವುದಿಲ್ಲ, ಒಬ್ಬಳು ಸೇರಿಸುವುದಿಲ್ಲ

ಪತ್ರ: "ಕಳೆದ ಸಂಚಿಕೆಯ ‘ಯಾವ ತಿಂಗಳಿಗೆ ಯಾವ ಭಾವನೆ’ ಪಟ್ಟಿ ನೋಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ, ಅಂದಿನಿಂದ ನನಗೆ ನಿದ್ದೆ ಇಲ್ಲ. ಮಗನಿಗೆ 11 ತಿಂಗಳು. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು ಕಿರುಚುತ್ತಾನೆ. ಬಂದು ಎತ್ತಿಕೊಂಡರೆ ಅರ್ಧ ನಿಮಿಷದಲ್ಲಿ ಸುಮ್ಮನಾಗಿ ನನ್ನ ಕನ್ನಡಕ ಎಳೆಯುತ್ತಾನೆ. ಮಗಳಿಗೆ 13. ಶಾಲೆಯಿಂದ ಬಂದವಳೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಏನಾಯ್ತು ಅಂದರೆ ‘ಏನಿಲ್ಲ’. ರಾತ್ರಿ ನಾನು ಪಾತ್ರೆ ಒರೆಸುವಾಗ ಬಂದು ಸುಮ್ನೆ ಪಕ್ಕದಲ್ಲಿ ನಿಲ್ಲುತ್ತಾಳೆ, ಹೋಂವರ್ಕ್ ಮುಗೀತಾ ಅಂತ ಕೇಳಿದರೆ ಹೊರಟೇಹೋಗುತ್ತಾಳೆ. ಅವಳು ಐದು ತಿಂಗಳ ಮಗುವಾಗಿದ್ದಾಗ ನಾನು ಕೆಲಸಕ್ಕೆ ವಾಪಸ್ ಹೋದೆ. ನಿಮ್ಮ ಪಟ್ಟಿಯ ಪ್ರಕಾರ ಅದು ತಾಯಿ ಮಗುವಿನ ನಂಟು ಬೆಳೆಯುವ ಕಾಲ. ಒಬ್ಬ ನನ್ನನ್ನು ಬಿಡುವುದಿಲ್ಲ, ಒಬ್ಬಳು ಹತ್ತಿರ ಸೇರಿಸುವುದಿಲ್ಲ. ನಾನು ಎಲ್ಲಿ ತಪ್ಪಿದೆ?" (ಹೆಸರು ಬೇಡ ಎಂದಿರುವ ತಾಯಿ)

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಪಟ್ಟಿಯನ್ನು ಅಚ್ಚಿಗೆ ಕಳಿಸಿದ್ದು ನಾನೇ. ಪುಟದಲ್ಲಿ ಅರ್ಧ ಕಾಲಂ ಜಾಗ ಉಳಿದಿತ್ತು, ಚೌಕ ಚೌಕವಾಗಿ ಏನಾದರೂ ಹಾಕಿದರೆ ಚೆನ್ನಾಗಿ ಕಾಣುತ್ತೆ ಅನ್ನಿಸಿತು, ಹಾಕಿದೆ. ಅದು ಒಬ್ಬ ತಾಯಿಯ ನಿದ್ದೆ ಕೆಡಿಸುತ್ತದೆ ಅಂತ ಹೊಳೆಯಲಿಲ್ಲ. ಕ್ಷಮಿಸಿ.

ಈಗ ಚಿಕ್ಕವನ ವಿಷಯ. ಆರೆಂಟು ವಾರಕ್ಕೆ ಮಗು ಮುಖ ನೋಡಿ ನಗಲು ಶುರು ಮಾಡುತ್ತದೆ. ಆಗ ಯಾರು ಎತ್ತಿಕೊಂಡರೂ ನಗು. ನಾಲ್ಕೈದು ತಿಂಗಳವರೆಗೂ ಹೆಚ್ಚುಕಡಿಮೆ ಹಾಗೇ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಒಂದು ವಿಷಯ ಅದರ ತಲೆಯಲ್ಲಿ ಗಟ್ಟಿಯಾಗುತ್ತದೆ: ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ. ಮೊದಲು ನೀವು ಕೋಣೆಯಿಂದ ಆಚೆ ಹೋದರೆ ಅವನ ಲೆಕ್ಕದಲ್ಲಿ ಮುಗಿದೇಹೋಯಿತು. ಈಗ ಅಮ್ಮ ಇದ್ದಾಳೆ, ಆದರೆ ಇಲ್ಲಿಲ್ಲ, ಯಾವಾಗ ಬರುತ್ತಾಳೋ ಗೊತ್ತಿಲ್ಲ. ಐದು ನಿಮಿಷ ಅಂದರೆ ಎಷ್ಟು ಅನ್ನುವುದೂ ಗೊತ್ತಿಲ್ಲ. ಕಿರುಚದೆ ಇನ್ನೇನು ಮಾಡಬೇಕು ಹೇಳಿ? ಈ ಅಳು 10ರಿಂದ 18 ತಿಂಗಳ ನಡುವೆ ಜೋರಾಗಿರುತ್ತದೆ, ಎರಡು ವರ್ಷದ ಆಸುಪಾಸಿನಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ನಿಮ್ಮ ಮಗ ಸರಿಯಾದ ಸಮಯಕ್ಕೇ ಅಳುತ್ತಿದ್ದಾನೆ.

ಮೇರಿ ಐನ್ಸ್‌ವರ್ತ್ ಎಂಬ ಮನಃಶಾಸ್ತ್ರಜ್ಞೆ 1950ರ ದಶಕದಲ್ಲಿ ಉಗಾಂಡಾದಲ್ಲಿ ಮನೆ ಮನೆಗೆ ಹೋಗಿ, ತಾಯಂದಿರು ಮತ್ತು ಕೂಸುಗಳು ಹೇಗಿರುತ್ತಾರೆ ಅಂತ ಕೂತು ನೋಡಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಪರೀಕ್ಷೆ ರೂಪಿಸಿದರು. ಆಟಿಕೆ ತುಂಬಿದ ಹೊಸ ಕೋಣೆ, ಒಬ್ಬ ಅಪರಿಚಿತರು, ತಾಯಿ ಮೂರು ನಿಮಿಷ ಹೊರಗೆ ಹೋಗಿ ಬರುತ್ತಾಳೆ. ಎಲ್ಲರ ಗಮನ ಹೋಗುವುದು ತಾಯಿ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದರ ಕಡೆಗೆ. ಐನ್ಸ್‌ವರ್ತ್ ಜಾಸ್ತಿ ಗಮನ ಕೊಟ್ಟದ್ದು ತಾಯಿ ವಾಪಸ್ ಬಂದಾಗ ಮಗು ಏನು ಮಾಡಿತು ಅನ್ನುವುದಕ್ಕೆ. ಹತ್ತಿರ ಬಂದು, ಸಮಾಧಾನ ಆಗಿ, ಮತ್ತೆ ಆಟಕ್ಕೆ ಇಳಿದರೆ ನಂಟು ಗಟ್ಟಿಯಾಗಿದೆ ಎಂದರ್ಥ. ಇದರ ಉತ್ತರ ನೀವೇ ಬರೆದಿದ್ದೀರಿ. ಅರ್ಧ ನಿಮಿಷದಲ್ಲಿ ಸುಮ್ಮನಾಗಿ ಕನ್ನಡಕ ಎಳೆಯುತ್ತಾನಂತಲ್ಲ, ಅದೇ ಆಟಕ್ಕೆ ಇಳಿಯುವುದು!

ಒಂದು ಮಾತು ಮಾತ್ರ. ಅವನ ಕಣ್ಣು ತಪ್ಪಿಸಿ ಹೋಗಬೇಡಿ. ಅತ್ತರೂ ಪರವಾಗಿಲ್ಲ, ಹೇಳಿ ಹೋಗಿ, ಬಂದ ಮೇಲೆ ಬಂದೆ ಅಂತ ಹೇಳಿ. ಹೊರಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಏಕೆಂದರೆ ಈ ವಯಸ್ಸಿನ ಮಗು ಏನಾದರೂ ಅನುಮಾನ ಬಂದರೆ ಮೊದಲು ನೋಡುವುದೇ ನಿಮ್ಮ ಮುಖವನ್ನು. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವರ್ಷದ ಮಕ್ಕಳನ್ನು ಗಾಜು ಹಾಸಿದ ಮೇಜಿನ ಮೇಲೆ ಬಿಟ್ಟರು. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ಹಳ್ಳ ಇದ್ದಂತೆ ಕಾಣುತ್ತದೆ. ಮಗು ಅಲ್ಲಿ ನಿಂತು, ತಲೆ ಎತ್ತಿ, ಆಚೆ ಬದಿಯಲ್ಲಿದ್ದ ಅಮ್ಮನನ್ನು ನೋಡುತ್ತದೆ. ಅಮ್ಮ ನಗುತ್ತಿದ್ದಾಗ 19 ಮಕ್ಕಳಲ್ಲಿ 14 ದಾಟಿದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಯಾರೂ ಒಂದು ಮಾತೂ ಆಡಿರಲಿಲ್ಲ.

ಇನ್ನು ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವ ಪ್ರಶ್ನೆ. ಐದು ತಿಂಗಳಿಗೆ ಕೆಲಸಕ್ಕೆ ಹೋದದ್ದಕ್ಕೇ ಮಗಳು ಈಗ ಬಾಗಿಲು ಹಾಕಿಕೊಳ್ಳುತ್ತಿದ್ದಾಳಾ?

ಇಲ್ಲ, ಆ ಬಾಗಿಲಿಗೂ ಈ ಬಾಗಿಲಿಗೂ ಹಾಗೆ ನೇರ ದಾರಿ ಇಲ್ಲ. ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನ ಇದನ್ನೇ ಕೇಳಿತ್ತು. ಮಗುವನ್ನು ಬೇರೆಯವರು ನೋಡಿಕೊಂಡರು ಅನ್ನುವ ಒಂದೇ ಕಾರಣಕ್ಕೆ ತಾಯಿಯ ಜೊತೆಗಿನ ನಂಟು ಸಡಿಲವಾಗಲಿಲ್ಲ. ಮನೆಯಲ್ಲಿದ್ದಾಗ ತಾಯಿ ಮಗುವಿಗೆ ಹೇಗೆ ಸ್ಪಂದಿಸುತ್ತಾಳೆ ಅನ್ನುವುದೇ ಹೆಚ್ಚು ಲೆಕ್ಕಕ್ಕೆ ಬಂತು. ತಾಯಿಯ ಸ್ಪಂದನೆ ಕಡಿಮೆಯಿದ್ದು, ಹೊರಗಿನ ಆರೈಕೆಯೂ ಕಳಪೆ ಇದ್ದಾಗ ತೊಂದರೆ ಕಂಡಿತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು, ಮಗು ನಂಟು ಬೆಳೆಸುವುದು ಒಬ್ಬರ ಜೊತೆ ಮಾತ್ರ ಅಲ್ಲ. 1964ರಲ್ಲೇ ಗ್ಲಾಸ್ಗೋದ 60 ಶಿಶುಗಳನ್ನು ಗಮನಿಸಿದವರು, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರಿಗೆ ಅಂಟಿಕೊಂಡಿದ್ದನ್ನು ಕಂಡರು. ಅಪ್ಪ, ಅಜ್ಜಿ, ನೋಡಿಕೊಳ್ಳುವವರು, ಯಾರು ನಿಜಕ್ಕೂ ಮಾತಾಡಿಸಿ ಆಡಿಸುತ್ತಾರೋ ಅವರು.

ಎಡ್ವರ್ಡ್ ಟ್ರಾನಿಕ್ ಎಂಬ ಮನಃಶಾಸ್ತ್ರಜ್ಞರ ‘ಅಲುಗದ ಮುಖ’ದ ಪ್ರಯೋಗದ ವಿಡಿಯೊ ನೀವೂ ನೋಡಿರಬಹುದು. 1970ರ ದಶಕದ ಪ್ರಯೋಗ ಅದು. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ಮಾಡಿಕೊಳ್ಳುತ್ತಾಳೆ. ಮಗು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ, ಏನೂ ನಡೆಯದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ಕರುಳು ಚುರ್ ಅನ್ನುತ್ತದೆ. ಇದನ್ನು ತೋರಿಸಿ ತಾಯಂದಿರನ್ನು ಹೆದರಿಸುವವರು ಬಹಳ ಇದ್ದಾರೆ, ಆದರೆ ಅದೇ ಟ್ರಾನಿಕ್ ಹೇಳಿದ ಇನ್ನೊಂದು ಮಾತನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಚೆನ್ನಾಗಿರುವ ತಾಯಿ ಮಗು ಕೂಡ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಂಡಿರುವುದು ಸುಮಾರು ಶೇ 30ರಷ್ಟು ಸಮಯ ಮಾತ್ರ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಹೊಂದಿಸಿಕೊಳ್ಳುವುದು. ಮಗು ನಗುವಾಗ ನೀವು ಫೋನ್ ನೋಡುತ್ತಿದ್ದಿರಿ, ತಲೆ ಎತ್ತಿದಿರಿ, ಅಷ್ಟರಲ್ಲಿ ಅದು ಬೇರೆ ಕಡೆ ತಿರುಗಿತ್ತು, ಕರೆದಿರಿ, ಬಂತು. ಅಂದರೆ ಸಂಜೆ ಆರಕ್ಕೆ ಮನೆಗೆ ಬಂದು ಮಗಳನ್ನು ಎತ್ತಿಕೊಂಡ ಆ ಸಾವಿರ ಸಂಜೆಗಳನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ, ನೀವು ಅದನ್ನು ಕೇಳಿಲ್ಲ. ಒಂದೂವರೆ ಎರಡು ವರ್ಷಕ್ಕೆ ಕನ್ನಡಿಯಲ್ಲಿರುವುದು ತಾನೇ ಅಂತ ತಿಳಿಯುತ್ತದೆ, ಅದರ ಬೆನ್ನಿಗೇ ನಾಚಿಕೆ, ಜಂಬ, ‘ನಾನೇ ಮಾಡ್ತೀನಿ’, ‘ಬೇಡ’, ನೆಲದ ಮೇಲೆ ಬಿದ್ದು ಹೊರಳಾಟ. ನಾಲ್ಕರ ಸುಮಾರಿಗೆ, ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು ಅನ್ನುವುದು ಹೊಳೆಯುತ್ತದೆ. ನಂಬುವಂಥ ಸುಳ್ಳು ಹೇಳಲು ಬರುವುದೂ ಆಗಲೇ. ಬೈಯಿರಿ, ಆದರೆ ಒಳಗೊಳಗೇ ಸ್ವಲ್ಪ ಖುಷಿಪಡಿ.

ಮಕ್ಕಳ ಜಾಯಮಾನವೂ ಒಂದೇ ಅಲ್ಲ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳ ಸ್ವಭಾವ ಗಮನಿಸಲು ಶುರು ಮಾಡಿದರು. ನೂರಕ್ಕೆ ಸುಮಾರು 40 ಸಲೀಸು, 10 ಕಷ್ಟ, 15 ನಿಧಾನಕ್ಕೆ ಹೊಂದಿಕೊಳ್ಳುವವರು. ಉಳಿದ 35 ಮಂದಿ ಯಾವ ಗುಂಪಿಗೂ ಸೇರಲಿಲ್ಲ. ನಮ್ಮ ಚೌಕದ ಪಟ್ಟಿ ಹಾಕುವ ಮೊದಲು ನಾನು ಇದನ್ನು ನೆನಪಿಸಿಕೊಳ್ಳಬೇಕಿತ್ತು.

ಈಗ ಮಗಳು. ಮಗನ ಬಗ್ಗೆ ಕೇಳಿದ್ದನ್ನೇ ಇವಳ ಬಗ್ಗೆಯೂ ಕೇಳುತ್ತೇನೆ. ಬಾಗಿಲು ಹಾಕಿಕೊಳ್ಳುತ್ತಾಳೆ, ಸರಿ. ವಾಪಸ್ ಬರುತ್ತಾಳಾ?

ಬರುತ್ತಾಳೆ. ರಾತ್ರಿ ನೀವು ಪಾತ್ರೆ ಒರೆಸುವಾಗ ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ. ನಿಮ್ಮ ಪತ್ರದಲ್ಲಿ ಆ ಸಾಲನ್ನು ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ, ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. 11 ತಿಂಗಳವನು ತೆವಳಿಕೊಂಡು ಬಂದು ಕಾಲು ಹಿಡಿಯುತ್ತಾನೆ, 13 ವರ್ಷದವಳು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಅವನನ್ನು ಎತ್ತಿಕೊಳ್ಳುತ್ತೀರಿ. ಅವಳನ್ನು ಹೋಂವರ್ಕ್ ಕೇಳುತ್ತೀರಿ.

ನಾಳೆಯಿಂದ ಕೇಳಬೇಡಿ. ಒಂದು ಬಟ್ಟೆ ಅವಳ ಕೈಗೆ ಕೊಡಿ, ಒರೆಸಲಿ. ಮಾತು ಬಂದರೆ ಬರಲಿ, ಇಲ್ಲದಿದ್ದರೆ ತಟ್ಟೆಯ ಸದ್ದು ಸಾಕು. ಹೊತ್ತು ಕೂಡ ಅವಳು ಸುಮ್ಮಸುಮ್ಮನೆ ಆರಿಸಿಕೊಂಡದ್ದಲ್ಲ. ಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ನೀವು ಸುಸ್ತಾಗಿ ಬಿದ್ದುಕೊಳ್ಳುವ ಹೊತ್ತಿಗೆ ಅವಳು ಚುರುಕಾಗಿರುತ್ತಾಳೆ.

ಬಾಗಿಲ ಹಿಂದೆ ಏನು ನಡೆಯುತ್ತೆ? ಹೆಚ್ಚಿನ ಸಲ ವಿಶ್ರಾಂತಿ. ಈ ವಯಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿರುತ್ತದೆ. ಡೇವಿಡ್ ಎಲ್ಕೈಂಡ್ ಎಂಬ ಮನಃಶಾಸ್ತ್ರಜ್ಞ 1967ರಲ್ಲಿ ಇದನ್ನು ಕಾಲ್ಪನಿಕ ಪ್ರೇಕ್ಷಕರು ಎಂದು ಕರೆದರು. ಮೂಗಿನ ಮೇಲಿನ ಒಂದು ಮೊಡವೆಯನ್ನು ಇಡೀ ತರಗತಿ ನೋಡುತ್ತಿದೆ ಅಂದುಕೊಂಡು ಆರು ಗಂಟೆ ಕೂತು ಬಂದವಳಿಗೆ ಯಾರೂ ನೋಡದ ಒಂದು ಜಾಗ ಬೇಕು ಅಲ್ವಾ? ಗೆಳೆಯರ ತೂಕವೂ ಆಗ ಜಾಸ್ತಿ. ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ಮಕ್ಕಳು ಒಬ್ಬರೇ ಇದ್ದಾಗಿನದ್ದಕ್ಕಿಂತ ತುಂಬಾ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. 24 ದಾಟಿದವರ ಆಟ ಹೆಚ್ಚೇನೂ ಬದಲಾಗಲಿಲ್ಲ. ಹಣೆಯ ಹಿಂದಿರುವ, ‘ತಾಳು, ಯೋಚಿಸು’ ಅನ್ನುವ ಮಿದುಳಿನ ಭಾಗ ಪೂರ್ತಿ ಮಾಗಲು ಇಪ್ಪತ್ತರ ನಡುಭಾಗದವರೆಗೆ ಬೇಕು. ಅದಕ್ಕೇ ಬುದ್ಧಿ ಇಲ್ವಾ ನಿನಗೆ ಅಂತ ಕೇಳಿದರೆ ಪ್ರಯೋಜನ ಕಡಿಮೆ. ಬುದ್ಧಿ ಇದೆ, ಬ್ರೇಕ್ ಇನ್ನೂ ಜೋಡಿಸುತ್ತಿದ್ದಾರೆ.

ನನ್ನ ಮಗಳಿಗೆ 14 ಇದ್ದಾಗ ಅವಳ ಗೆಳತಿಯರೆದುರು ಅವಳ ಮಾತಿನಲ್ಲಿದ್ದ ಒಂದು ತಪ್ಪನ್ನು ತಿದ್ದಿ ನಕ್ಕಿದ್ದೆ. ಸಂಪಾದಕರ ಚಾಳಿ. ನಾಲ್ಕು ದಿನ ಮಾತಿಲ್ಲ. ನಾನೇಕೆ ಸೋಲಬೇಕು ಅಂತ ನಾನೂ ಬಿಗಿದುಕೊಂಡಿದ್ದೆ. ಐದನೆಯ ದಿನ ಕಾರಿನಲ್ಲಿ, ರಸ್ತೆ ನೋಡುತ್ತಲೇ, "ಅವತ್ತು ನಾನು ಹಾಗೆ ನಗಬಾರದಿತ್ತು" ಅಂದೆ. "ಹೂಂ" ಅಂದಳು. ಅಷ್ಟೇ. ಹತ್ತು ನಿಮಿಷ ಬಿಟ್ಟು ತಾನಾಗಿಯೇ ಯಾವುದೋ ಟೀಚರ್ ಬಗ್ಗೆ ದೂರಲು ಶುರು ಮಾಡಿದಳು. ಆ ದೂರು ಕೇಳಿ ಅಷ್ಟು ಖುಷಿಯಾದದ್ದು ಅದೇ ಮೊದಲು.

ಕಾಯದೆ ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಯಾವ ವಯಸ್ಸಿನಲ್ಲಾದರೂ ಬರುತ್ತಿದ್ದ ಮಾತು ಅಥವಾ ಆಟ ನಿಂತುಹೋದರೆ ಮಕ್ಕಳ ವೈದ್ಯರಿಗೆ ತೋರಿಸಿ. ಹರೆಯದವರಲ್ಲಿ ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟು, ಗೆಳೆಯರೂ ಬೇಡವಾಗಿ, ಇಷ್ಟದ ಕೆಲಸವೂ ಬೇಡವಾದರೆ ತೋರಿಸಿ. ಬದುಕು ಸಾಕು ಅನ್ನುವ ಮಾತು ಬಂದರೆ, ತಮಾಷೆಗೆ ಅಂದಳು ಅಂತ ಬಿಡಬೇಡಿ, ಅವತ್ತೇ ಹೋಗಿ. ನಿಮ್ಮ ಪತ್ರದಲ್ಲಿ ಇದ್ಯಾವುದೂ ನನಗೆ ಕಾಣಲಿಲ್ಲ.

ಆ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ ಹಾಕುತ್ತೇವೆ. ‘ಈ ತಿಂಗಳಿಗೆ’ ಅನ್ನುವ ಕಡೆಯೆಲ್ಲ ‘ಸುಮಾರು ಇಷ್ಟರಿಂದ ಇಷ್ಟರವರೆಗೆ’ ಎಂದಿರುತ್ತದೆ. ಹಳೆಯದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ ಅಂದಿದ್ದೀರಿ. ದಯವಿಟ್ಟು ಇವತ್ತೇ ಕಿತ್ತುಹಾಕಿ.